ಗಾಜಮ್ಮನ ಮಗಳ ಜಾಗ

ಮೊದ್ಲೇ ಹೇಳ್ಬಿಡ್ತೀನಿ, ನಾನು ಬುರುಡೆ ಬಿಡೋಳು. ನಾನು ಇಲ್ಲೀವರ್ಗೂ ತೊಳೆದಿರೋ ಗಾಜಿನ ಕೊಳವೆ ಎಲ್ಲಾ ಒಂದರ ಹಿಂದೆ ಒಂದು ಮಲಗಿಸಿದ್ರೆ ಸಮುದ್ರ ದಾಟಿ ಆ ದಡಕ್ಕೆ ಹೋಗುತ್ತೆ, ಅಲ್ಲಿ ಯಾರಾದ್ರೂ ಊದಿದ್ರೆ ಇಲ್ಲಿ ನಮ್ಮನೆ ಒಲೆ ಉರಿಯುತ್ತೆ. ಒಂದ್ ಸಲ ಆಸಿಡ್ ಬಾಟ್ಲಿ ಕೈಜಾರಿ ಬಿತ್ತು. ನನ್ನ ಚಪ್ಲಿ ಕರಗ್ತು, ಚಪ್ಲಿ ಕೆಳಗಿನ ನೆಲ ಕರಗ್ತು, ಇನ್ನೂ ಕೆಳಗೆ ಹೋಗಿ ನೀರು ಬಂತು. ಆರು ತಿಂಗ್ಳು ಆ ನೀರೇ ಬಳಸಿದ್ವಿ. ಇವೆಲ್ಲ ಸುಳ್ಳು. ಈಗ ಹೇಳೋದು ಸುಳ್ಳಲ್ಲ. ನಗು ಬಂದ್ರೆ ನಗಿ. ನಂಗೂ ಕೆಲವು ಸಲ ಬರುತ್ತೆ.

ದೊಡ್ಡ ಯೂನಿವರ್ಸಿಟಿಲಿ ಲ್ಯಾಬಿನ ಗಾಜು ತೊಳೆಯೋದು ನನ್ನ ಕೆಲ್ಸ. ಇಪ್ಪತ್ತೆರಡು ವರ್ಷ ಆಯ್ತು. ಎಲ್ರೂ ಗಾಜಮ್ಮ ಅಂತಾರೆ. ಹಾಜರಿ ಪುಸ್ತಕದಲ್ಲಿ ಇರೋ ಹೆಸರು ಕೂಗಿದ್ರೆ ನಾನೇ ತಿರುಗಿ ನೋಡಲ್ಲ. ಮೇಲೆ ಮೂರು ಮಹಡಿ ತುಂಬಾ ಲ್ಯಾಬು. ಕೆಳಗೆ ನೆಲಮಾಳಿಗೇಲಿ ನಮ್ಮ ತೊಳೆಯೋ ರೂಮು. ಕಿಟಕಿ ಇಲ್ಲ. ಮೂರು ಕಲ್ಲಿನ ತೊಟ್ಟಿ. ಒಂದ್ರಲ್ಲಿ ಸೋಪು ನೀರು, ಒಂದ್ರಲ್ಲಿ ಬಿಸಿನೀರು, ಒಂದ್ರಲ್ಲಿ ತಣ್ಣೀರು. ಮೂಲೇಲಿ ಕಿತ್ತಳೆ ಬಣ್ಣದ ಆಸಿಡ್ಡು, ಯಾವ್ದಕ್ಕೂ ಹೋಗದ ಕಲೆಗೆ. ಅದು ಕಲೆನೂ ತೆಗೆಯುತ್ತೆ, ಚರ್ಮನೂ ತೆಗೆಯುತ್ತೆ. ಆರು ತಿಂಗ್ಳಿಗೆ ಒಂದು ಜೊತೆ ಗ್ಲೌಸ್ ಕೊಡ್ತಾರೆ. ಎರಡನೇ ವಾರಕ್ಕೆ ಹೆಬ್ಬೆರಳು ಹೊರಗೆ ಇಣುಕುತ್ತೆ. ನನ್ನ ಉಗುರು ಹತ್ತರಲ್ಲಿ ನಾಲ್ಕು ಇಲ್ಲ. ಸಂಜೆ ಹೊತ್ತಿಗೆ ಕೆಮ್ಮಿದ್ರೆ ಬಾಯಲ್ಲಿ ಕಬ್ಬಿಣದ ರುಚಿ. ನಾವು ಮೂರು ಜನ ಹೆಂಗಸರು. ಚಹಾ ಕುಡಿಯೋದು ಬಾಯಿ ಒಡೆದ ಬೀಕರಲ್ಲಿ. ಕಪ್ಪು ಮೇಲಿನೋರಿಗೆ.

ನಂಗೆ ಒಬ್ಳೇ ಮಗಳು. ಅವಳಪ್ಪ ಲಾರಿ ಹತ್ತಿ ಹೋದೋರು ಇನ್ನೂ ಇಳಿದಿಲ್ಲ, ಹೋಗ್ಲಿ ಬಿಡಿ. ಮಗಳು ಕೆಮಿಸ್ಟ್ರಿ ಓದ್ತೀನಿ ಅಂದ್ಳು. ಸೇರಿದ್ದು ಟೈರ್ ಅಂಗಡಿ ಮೇಲಿನ ಚಿಕ್ಕ ಕಾಲೇಜು. ಅಲ್ಲಿ ಲ್ಯಾಬು ಅಂದ್ರೆ ಒಂದು ಮೇಜು, ಒಂದು ಬರ್ನರು, ನಲವತ್ತು ಮಕ್ಕಳು. ಬರ್ನರಿಗೆ ಗ್ಯಾಸ್ ಇದ್ದ ದಿನ ಟ್ಯೂಬ್ ಇರಲ್ಲ, ಟ್ಯೂಬ್ ಇದ್ದ ದಿನ ಪುಡಿ ಇರಲ್ಲ. ಮೇಷ್ಟ್ರು ಒಳ್ಳೇ ಮನುಷ್ಯ, ಪಾಪ. ಕುರ್ಚಿ ಮೇಲೆ ಕೂತು ಹೇಳೋರಂತೆ, "ಈಗ ನೀಲಿ ಬಂತು ಅಂತ ಬರ್ಕೊಳ್ಳಿ. ಈಗ ಹೊಗೆ ಬಂತು ಅಂತ ಬರ್ಕೊಳ್ಳಿ. ಹಿಂದೆ ಕೂತಿರೋರು ಸ್ವಲ್ಪ ಕೆಮ್ಮಿ."

ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಮಗಳು ನಗಲಿಲ್ಲ. ನನ್ನ ಕೈ ಹಿಡ್ಕೊಂಡು ತಿರುಗಿಸಿ ನೋಡಿದ್ಳು.

"ಇದೇನಮ್ಮ ಕಪ್ಪು?"

"ಗೊತ್ತಿಲ್ಲ ಕಣೆ. ನಿನ್ನೆ ಚೆಲ್ಲಿದಾಗ ನೀರಿನ ಥರ ಇತ್ತು. ಬಿಸಿಲಿಗೆ ಬಂದ್ಮೇಲೆ ಕಪ್ಪಾಯ್ತು."

ಪುಸ್ತಕ ತೆಗೆದು ಹುಡುಕಿದ್ಳು. "ಬೆಳ್ಳಿ," ಅಂದ್ಳು. "ನೀನು ಬೆಳ್ಳಿ ಮೆತ್ಕೊಂಡು ಬಂದಿದ್ದೀಯ."

"ಹಂಗಾದ್ರೆ ಕೈ ಕೆರೆದು ಬಳೆ ಮಾಡಿಸ್ಕೊಳೆ."

ಆವತ್ತಿಂದ ಅದೇ ಆಟ ಆಯ್ತು. ಮನೆಗೆ ಬಂದು ಕಾಲು ಚಾಚಿದ ಕೂಡ್ಲೇ ಬರೋಳು. ಇವತ್ತು ಏನ್ ತೊಳೆದೆ? ಯಾವ ಬಣ್ಣ? ಸೋಪಿಗೆ ಹೋಯ್ತಾ, ಆಸಿಡ್ಡೇ ಬೇಕಾಯ್ತಾ? ವಾಸನೆ ಹೆಂಗಿತ್ತು, ಕೊಳೆತ ಮೊಟ್ಟೆನಾ, ವಿನೆಗರಾ? ನಾನು ಹೇಳೋದು, ಅವ್ಳು ಪುಸ್ತಕದಲ್ಲಿ ಹಿಡಿಯೋದು. ಒಂದು ಬಿಳೀ ಗಸಿ ಇತ್ತು, ನನ್ನ ಬೆನ್ನು ಹತ್ತಿದ ದೆವ್ವ ಅದು. ಬಿಸಿನೀರು ಹುಯ್ದ್ರೆ ಮಾಯ. ಹೋಯ್ತಪ್ಪ ಅಂತ ಟ್ಯೂಬ್ ಎತ್ತಿಟ್ಟು ತಿರುಗಿದ್ರೆ, ನೀರು ತಣ್ಣಗಾಗ್ತಿದ್ದ ಹಾಗೆ ತಳದಲ್ಲಿ ಸೂಜಿ ಸೂಜಿಯಾಗಿ ವಾಪಸ್ ಬಂದು ಕೂತಿರುತ್ತೆ. ಅದನ್ನ ಹೇಳಿದ ದಿನ ಮಗಳು ಎದ್ದು ಕುಣಿದ್ಬಿಟ್ಳು. "ಸೀಸ ಅಮ್ಮ, ಸೀಸ. ಪುಸ್ತಕದಲ್ಲಿ ಒಂದೇ ಸಾಲು ಇದೆ. ನೀನು ಕಣ್ಣಾರೆ ನೋಡಿದ್ದೀಯ."

ಎರಡು ವರ್ಷ ಹೀಗೇ ಓದಿದ್ಳು. ನನ್ನ ಕೈಯೇ ಅವಳ ಲ್ಯಾಬು. ಇದು ಬುರುಡೆ ಅಲ್ಲ.

ಎರಡನೇ ವರ್ಷದ ಪರೀಕ್ಷೇಲಿ ಅವಳ ಮಾರ್ಕ್ಸು ಎಲ್ಲಾ ಕಾಲೇಜಿನೋರಿಗಿಂತ ಮೇಲೆ ಬಂತು. ಚಿಕ್ಕ ಕಾಲೇಜಿನ ಮೇಷ್ಟ್ರು ನಮ್ಮನೆಗೇ ಬಂದ್ರು. ಕೂರೋಕೆ ಬಕೆಟ್ ಬೋರಲು ಹಾಕಿ ಕೊಟ್ಟೆ. "ದೊಡ್ಡ ಯೂನಿವರ್ಸಿಟಿಲಿ ಮೂರನೇ ವರ್ಷಕ್ಕೆ ಹೊರಗಿಂದ ಇಬ್ಬರನ್ನ ತಗೋತಾರೆ," ಅಂದ್ರು. "ಎರಡೇ ಜಾಗ. ಒಂದು ಪ್ರಾಕ್ಟಿಕಲ್ ಪರೀಕ್ಷೆ ಇರುತ್ತೆ. ಇವ್ಳು ಇಲ್ಲಿ ಉಳಿದ್ರೆ ನೀಲಿ ಬಂತು ಅಂತ ಬರ್ಕೊಂಡೇ ಮುದುಕಿ ಆಗ್ತಾಳೆ."

ಅರ್ಜಿ ಹಾಕ್ಬೇಕಾದ್ರೆ ಮೊದ್ಲು ಹಳೇ ಕಾಲೇಜಿಂದ ಟಿ.ಸಿ. ತೆಗೀಬೇಕು. ಟಿ.ಸಿ. ತೆಗೆದ್ರೆ ಹಳೇ ಕಾಲೇಜಿನ ಪಟ್ಟಿಯಿಂದ ಹೆಸರು ಹೋಗುತ್ತೆ. ಆ ಟಿ.ಸಿ.ನ, ಎಲ್ಲಾ ಅಸಲಿ ಅಂಕಪಟ್ಟಿಗಳ ಜೊತೆ, ದೊಡ್ಡ ಯೂನಿವರ್ಸಿಟಿ ಆಫೀಸಿಗೆ ಕೊಡ್ಬೇಕು. ಒಂದು ಕಾಲು ಎತ್ತಿ ಆಯ್ತು, ಇನ್ನೊಂದು ಕಡೆ ಇಡೋಕೆ ಅವ್ರು ಹೂಂ ಅನ್ಬೇಕು. ನಿಯಮ ಹಂಗಿದೆ. ಮಗಳು ಕೊಟ್ಳು.

ಪರೀಕ್ಷೆ ಹಿಂದಿನ ದಿನ ಚಹಾ ಹೊತ್ತಲ್ಲಿ ಸ್ಟೋರಿನ ಅಣ್ಣ ಬಂದ. ಸಾಮಾನು ಎಣಿಸಿ ಕೊಡೋನು, ನಮ್ಮ ಜೊತೆ ಹರಟೆಗೆ ಕೂರೋನು. "ಏನ್ ಗಾಜಮ್ಮ, ಮಗಳು ಪಾಸಾಗ್ತಾಳಾ?"

"ಪಾಸಾ? ಏನ್ ಮಾತು ಅಂತ ಆಡ್ತೀಯಣ್ಣ. ಪ್ರಶ್ನೆ ಹುಟ್ಟೋ ಮೊದ್ಲೇ ಉತ್ತರ ಅವಳ ಕೈಲಿರುತ್ತೆ. ನಾಳೆ ಯಾವ್ ಪುಡಿ ಕೊಡ್ತಾರೆ ಅಂತ ನಂಗೆ ಕನಸು ಬಿದ್ದು, ಅವ್ಳಿಗೆ ಹೇಳಿದ್ದೂ ಆಯ್ತು, ಅವ್ಳು ಬರೆದು ಇಸ್ತ್ರಿ ಮಾಡಿ ಇಟ್ಟಿದ್ದೂ ಆಯ್ತು."

ಎಲ್ರೂ ನಕ್ರು. ಸ್ಟೋರಿನ ಅಣ್ಣ ಚಹಾ ಮೂಗಿಗೆ ಹತ್ತೋ ಹಾಗೆ ನಕ್ಕ.

ಮಾರನೇ ದಿನ ಮಗಳು ಮೇಲೆ ಎರಡನೇ ಮಹಡೀಲಿ, ನಾನು ಕೆಳಗೆ. ಹೊರಗಿಂದ ಬಂದೋರು ಹದಿನಾಲ್ಕು ಜನ. ತಲಾ ಒಂದೊಂದು ಪೊಟ್ಟಣ ಕೊಟ್ಟು, ಒಳಗೆ ಬೆರೆಸಿರೋ ಪುಡಿ ಯಾವ್ದು ಕಂಡುಹಿಡೀರಿ ಅಂದ್ರಂತೆ. ಎರಡು ಗಂಟೆ ಟೈಮು. ನನ್ನ ಮಗಳು ಇಪ್ಪತ್ತು ನಿಮಿಷಕ್ಕೆ ಪೆನ್ನು ಕೆಳಗಿಟ್ಳು. ಟ್ಯೂಬ್ ತೊಳೆದು, ಬೋರಲು ಹಾಕಿ, ಮೇಜು ಒರೆಸಿ ನಿಂತ್ಕೊಂಡ್ಳು.

ಪರೀಕ್ಷೆ ಮಾಡೋ ಮೇಡಂ ಬಂದು ಕೇಳಿದ್ರಂತೆ, "ಇಷ್ಟು ಬೇಗ ಹೇಗೆ?"

ಸುಮ್ನೆ ಪುಸ್ತಕ ಓದಿದೆ ಅಂದಿದ್ರೆ ಮುಗೀತಿತ್ತು. ಇವ್ಳು ಎದೆ ಮುಂದೆ ಮಾಡಿ ಹೇಳಿದ್ದಾಳೆ. "ಮೇಡಂ, ನಮ್ಮಮ್ಮ ಇದೇ ಕಟ್ಟಡದಲ್ಲಿ ಗಾಜು ತೊಳೀತಾರೆ. ಯಾವ ಕಲೆ ಯಾವ್ದಕ್ಕೆ ಹೋಗುತ್ತೆ ಅಂತ ದಿನಾ ಮನೇಲಿ ಹೇಳೋರು. ಹಾಗೆ ಕಲಿತೆ."

ಎಷ್ಟು ಹೆಮ್ಮೆ ನೋಡಿ ಅದಕ್ಕೆ. ಓದಿದೋರ ಮಕ್ಕಳಾಗಿದ್ರೆ ಬಾಯಿ ಮುಚ್ಕೊಂಡಿರೋವು.

ಮೂರನೇ ದಿನ ನಂಗೆ ಮೇಲಿಂದ ಕರೆ ಬಂತು. ನಾವು ಯಾವತ್ತೂ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತೋರು. ಆವತ್ತು ಮುಂದಿನ ಮೆಟ್ಟಿಲಲ್ಲೇ ಕರ್ಕೊಂಡು ಹೋದ್ರು. ಕಾಲಿಗೆ ತಣ್ಣಗೆ ಹತ್ತೋ ನುಣುಪು ಕಲ್ಲು. ಮಗಳು ಗೆದ್ದಳು, ಅದಕ್ಕೇ ಕರೀತಿದ್ದಾರೆ ಅಂತ ನಾನು ಒದ್ದೆ ಕೈನ ಬಟ್ಟೆಗೆ ಒರೆಸ್ಕೊಂಡೇ ಹೋದೆ. ಒಳಗೆ ಉದ್ದ ಮೇಜು. ವಿಭಾಗದ ದೊಡ್ಡೋರು, ಪರೀಕ್ಷೆ ಮೇಡಂ, ಬರೆಯೋಕೆ ಒಬ್ಬ ಗುಮಾಸ್ತ.

"ಕೂತ್ಕೋಮ್ಮ," ಅಂದ್ರು ದೊಡ್ಡೋರು.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೂತ್ಕೋ ಅಂದಿರಲಿಲ್ಲ. ಕಪ್ಪಲ್ಲಿ ಚಹಾನೂ ಬಂತು. ಆಗ ನಂಗೆ ಭಯ ಶುರುವಾಯ್ತು.

"ಪರೀಕ್ಷೆ ಹಿಂದಿನ ದಿನ ಮೇಡಂ ಆ ಪುಡಿಗಳನ್ನ ತಾವೇ ಒಂದ್ಸಲ ಪರೀಕ್ಷೆ ಮಾಡಿ ನೋಡಿದ್ರು. ಆ ಎಂಟು ಟ್ಯೂಬು ನಿನ್ನ ತೊಟ್ಟಿಗೆ ಬಂದಿತ್ತು. ತೊಳೆದ್ಯಾ?"

"ಎಂಟೇನು ಸಾರ್, ಎಂಟು ನೂರು ತೊಳೆದೆ."

ಗುಮಾಸ್ತ ಬರ್ಕೊಂಡ.

"ಅದರಲ್ಲಿ ಏನಿತ್ತು ಅಂತ ನಿಂಗೆ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು ಸಾರ್. ಒಂದ್ರಲ್ಲಿ ಸೀಸ ಇತ್ತು. ಬಿಸಿನೀರಿಗೆ ಮಾಯ ಆಗಿ ಮತ್ತೆ ಬಂತಲ್ಲ." ಹೇಳಿದ್ಮೇಲೆ ನೋಡ್ತೀನಿ, ಇಬ್ಬರೂ ಮುಖ ಮುಖ ನೋಡ್ಕೋತಿದ್ದಾರೆ. "ಅದು ಪರೀಕ್ಷೆದು ಅಂತ ನಂಗೇನ್ ಗೊತ್ತು ಸಾರ್. ದಿನಾ ಬರೋ ಹಾಗೆ ಬಂತು, ತೊಳೆದೆ, ಇಟ್ಟೆ."

ದೊಡ್ಡೋರು ಒಂದು ಕಾಗದ ಎತ್ತಿ ಓದಿದ್ರು. ನಾನು ಸ್ಟೋರಿನ ಅಣ್ಣನ ಹತ್ರ ಆಡಿದ ಮಾತು. ಕನಸು ಬಿದ್ದದ್ದು, ಹೇಳಿದ್ದು, ಇಸ್ತ್ರಿ ಮಾಡಿದ್ದು. ಒಂದಕ್ಷರ ಬಿಡದೆ.

"ಈ ಮಾತು ನೀನು ಆಡಿದ್ಯಾ?"

"ಆಡಿದೆ ಸಾರ್. ಅದು ಬುರುಡೆ."

"ಬುರುಡೆ ಅಂದ್ರೆ?"

"ಸುಳ್ಳು ಸಾರ್. ನಗೋಕೆ ಹೇಳೋದು."

"ಅಂದ್ರೆ, ಸುಳ್ಳು ಹೇಳೋ ಅಭ್ಯಾಸ ಇದೆ ಅಂತ ನೀನೇ ಒಪ್ಕೋತಿದ್ದೀಯ."

ಗುಮಾಸ್ತ ಅದನ್ನೂ ಬರ್ಕೊಂಡ.

ಸಮುದ್ರದ ಆಚೆ ಊದೋದು ನಂಬಲಿಲ್ಲ. ನೆಲ ಕರಗಿದ್ದು ನಂಬಲಿಲ್ಲ. ಕೆಮ್ಮಿದ್ರೆ ರಕ್ತ ಬರುತ್ತೆ ಸಾರ್, ಕಿಟಕಿ ಇಡಿ ಅಂತ ಹೋದ ವರ್ಷ ಹೇಳಿದೆನಲ್ಲ, ಅದು ನಿಜ, ಅದನ್ನೂ ನಂಬಲಿಲ್ಲ. ಜೀವಮಾನದಲ್ಲಿ ನನ್ನ ಒಂದೇ ಒಂದು ಮಾತು ನಂಬಿದ್ರು. ಅದು ಈ ಮಾತು.

ಮಗಳನ್ನ ಒಳಗೆ ಕರೆದ್ರು. ಅವ್ಳಿಗೆ ಕೂತ್ಕೋ ಅನ್ನಲಿಲ್ಲ.

ಮೇಡಂ ಹೇಳಿದ್ರು, "ನಮ್ಮ ಮಕ್ಕಳಿಗೇ ಇದು ಒಂದೂವರೆ ಗಂಟೆ ಹಿಡಿಯುತ್ತೆ. ನೀನು ಬಂದಿರೋದು ಒಂದು ಬರ್ನರ್ ಇರೋ ಕಾಲೇಜಿಂದ. ನಿಂಗೆ ಇಪ್ಪತ್ತು ನಿಮಿಷ. ನೀನೇ ಹೇಳಮ್ಮ, ಯಾರು ನಂಬ್ತಾರೆ?"

"ಇನ್ನೊಂದು ಸಲ ಪರೀಕ್ಷೆ ಕೊಡಿ ಮೇಡಂ," ಅಂದ್ಳು ಮಗಳು. "ಈಗ್ಲೇ. ಅಮ್ಮನ್ನ ಇಲ್ಲೇ ಕೂರಿಸ್ಕೊಳ್ಳಿ. ನಿಮಗಿಷ್ಟ ಬಂದ ಪುಡಿ ಕೊಡಿ."

"ಎರಡನೇ ಪರೀಕ್ಷೆಗೆ ನಿಯಮದಲ್ಲಿ ಅವಕಾಶ ಇಲ್ಲ."

"ಅನುಮಾನಕ್ಕೆ ಇದೆಯಾ ಮೇಡಂ?"

ಮೇಡಂ ಕನ್ನಡಕ ತೆಗೆದು ಒರೆಸಿದ್ರು.

ನಾನು ಕುರ್ಚಿಯಿಂದ ಇಳಿದೆ. ದೊಡ್ಡೋರ ಕಾಲು ಹಿಡಿದೆ. ಸಾರ್, ನನ್ನ ಬಾಯಿ ಕೊಳಕು, ಮಗಳು ಚಿನ್ನ. ನನ್ನ ಕೆಲ್ಸದಿಂದ ತೆಗೀರಿ, ಅವ್ಳಿಗೆ ಪುಡಿ ಕೊಡಿ. ಅವ್ರು ಕಾಲು ಹಿಂದಕ್ಕೆ ಎಳ್ಕೊಂಡ್ರು. ನನ್ನ ಕೈಯಿಂದ ಶೂ ಮೇಲೆ ಒಂದು ಕಂದು ಕಲೆ ಬಿತ್ತು. ಅದನ್ನ ನೋಡ್ತಾ ಇದ್ರು, ನನ್ನ ನೋಡಲಿಲ್ಲ.

"ಅಮ್ಮ, ಏಳು," ಅಂದ್ಳು ಮಗಳು. ಎದ್ದೆ.

ಗುಮಾಸ್ತ ಒಂದು ಹಾಳೆ ನನ್ನ ಮುಂದೆ ಸರಿಸಿದ. ದೊಡ್ಡೋರು ಈಗ ಮೆತ್ತಗೆ ಮಾತಾಡಿದ್ರು. ನಾನು ಟ್ಯೂಬ್ ನೋಡಿ, ತಿಳೀದೆ, ಮಗಳಿಗೆ ಮೊದ್ಲೇ ಹೇಳ್ಬಿಟ್ಟೆ ಅಂತ ಅದರಲ್ಲಿ ಬರೆದಿದೆ. ಸೈನ್ ಹಾಕಿದ್ರೆ ವಿಷಯ ಇಲ್ಲಿಗೇ ಮುಗೀತು. ಜಾಗ ಸಿಗಲ್ಲ. ಆದ್ರೆ ಟಿ.ಸಿ., ಅಂಕಪಟ್ಟಿ ಎಲ್ಲಾ ಇವತ್ತೇ ವಾಪಸ್. ಹಳೇ ಕಾಲೇಜಿಗೆ ಹೋಗಿ ಸೇರ್ಕೋಬಹುದು. ಸೈನ್ ಹಾಕ್ದೆ ಇದ್ರೆ ವಿಚಾರಣೆ. ವಿಚಾರಣೆ ಮುಗಿಯೋವರ್ಗೂ ಕಾಗದ ಎಲ್ಲಾ ಇಲ್ಲೇ.

ನಂಗೆ ಸೈನ್ ಒಂದು ಬರುತ್ತೆ. ಮಗಳೇ ಕಲಿಸಿದ್ದು. ನಾನು ಪೆನ್ನು ಹಿಡಿದೆ. ಮುಚ್ಚುಮರೆ ಯಾಕೆ, ಹಾಕ್ಬಿಡ್ತಿದ್ದೆ. ಸುಳ್ಳಿಗೆ ಸೈನ್ ಹಾಕೋಕೆ ನಂಗೇನು. ಅರ್ಧ ಊರು ನನ್ನ ಸುಳ್ಳಲ್ಲೇ ಬದುಕಿದೆ.

ಮಗಳು ನನ್ನ ಮಣಿಕಟ್ಟು ಹಿಡ್ಕೊಂಡ್ಳು.

"ಬೇಡಮ್ಮ."

"ಕಾಗದ ವಾಪಸ್ ಕೊಡ್ತಾರಂತೆ ಕಣೆ."

"ನೀನು ಸೈನ್ ಹಾಕಿದ್ರೆ ನಾನು ಕಲಿತದ್ದೆಲ್ಲ ಕದ್ದದ್ದು ಅಂತ ಆಗುತ್ತೆ. ಎರಡು ವರ್ಷ ನೀನು ಹೇಳ್ಕೊಟ್ಟದ್ದು ಪಾಠ ಅಲ್ಲ, ಕಳ್ಳತನ ಅಂತ ನೀನೇ ಬರೆದುಕೊಟ್ಟ ಹಾಗೆ. ಬೇಡ."

"ಹೊಟ್ಟೆಗೇನ್ ಮಾಡ್ತೀಯೆ ಮುಂದೆ?"

"ಗೊತ್ತಿಲ್ಲ. ಪೆನ್ನು ಇಡು."

ಇಟ್ಟೆ. ಮಗಳು ಇಡು ಅಂದ್ಳು ಅಂತ ಇಟ್ಟೆ. ಆಮೇಲೆ ಏನಾಯ್ತೋ, ನನ್ನ ಬಾಯಿಂದಾನೂ ಬಂತು. "ಹಾಕಲ್ಲ ಸಾರ್. ನಾನು ಹೇಳಿಲ್ಲ. ಹೇಳ್ದೇ ಇರೋದಕ್ಕೆ ಸೈನ್ ಹಾಕಲ್ಲ."

ಮೇಲೆ ಚಾವಣಿ ಬೀಳುತ್ತೇನೋ ಅಂದ್ಕೊಂಡೆ. ಏನೂ ಆಗ್ಲಿಲ್ಲ. ಗುಮಾಸ್ತ ಹಾಳೆ ವಾಪಸ್ ಎಳ್ಕೊಂಡು ಕೆಳಗೆ ಒಂದು ಸಾಲು ಬರೆದ. ಬರೆದದ್ದನ್ನ ಓದಿ ಹೇಳಿದ. "ಸಹಿ ಮಾಡಲು ನಿರಾಕರಿಸಿದರು." ಅಷ್ಟೇ. ನಾವು ಜೀವ ಹಿಂಡ್ಕೊಂಡು ಆಡಿದ ಮಾತಿಗೆ ಅವ್ರ ಹತ್ರ ಮೊದ್ಲೇ ಒಂದು ಸಾಲು ರೆಡಿ ಇತ್ತು.

ಚಿಕ್ಕ ಕಾಲೇಜಿಗೆ ಹೋದ್ವಿ. ಮೇಷ್ಟ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಟಿ.ಸಿ. ಇಲ್ದೆ ಹೆಂಗಮ್ಮ ಸೇರಿಸ್ಕೊಳ್ಳಲಿ, ಪಟ್ಟಿಯಿಂದ ಹೆಸರು ಹೊಡೆದಾಗಿದೆ ಅಂದ್ರು. "ನಾನೇ ಕಳಿಸಿದೆನಲ್ಲ," ಅಂದ್ರು. "ನಾನೇ ಕಳಿಸಿದೆನಲ್ಲ." ಅವ್ರನ್ನ ನಾನೇ ಸಮಾಧಾನ ಮಾಡಿ ಬಂದೆ.

ತಿಂಗಳಿಗೆ ಒಂದ್ಸಲ ಎದುರು ಕಟ್ಟಡದ ಯೂನಿವರ್ಸಿಟಿ ಆಫೀಸಿನ ಕಿಟಕಿಗೆ ಹೋಗ್ತೀನಿ. ಫೈಲ್ ಎಲ್ಲಿದೆ ಸಾರ್? ಮೇಲಿದೆ. ಮೇಲೆ ಅಂದ್ರೆ ಎಲ್ಲಿ? ಮೇಲೆ. ಮೂರನೇ ಮಹಡಿಗೆ ಹೋದೆ, ನಾಲ್ಕಕ್ಕೆ ಹೋಗಿದೆ ಅಂದ್ರು. ನಾಲ್ಕಕ್ಕೆ ಹೋದ್ರೆ ಅದರ ಮೇಲೆ ತಾರಸಿ. ತಾರಸೀಲಿ ಒಂದು ಕಾಗೆ ಕೂತಿತ್ತು. ಅದನ್ನೂ ಕೇಳಿದೆ. ಅದು ಹಾರಿಹೋಯ್ತು. ಇಡೀ ಕಟ್ಟಡದಲ್ಲಿ ನನ್ನ ಪ್ರಶ್ನೆಗೆ ನಾಚಿಕೊಂಡದ್ದು ಅದೊಂದೇ.

ಮಗಳು ಈಗ ಔಷಧಿ ಗೋಡೌನಲ್ಲಿ ಬಾಟ್ಲಿಗೆ ಚೀಟಿ ಅಂಟಿಸ್ತಾಳೆ. ದಿನಕ್ಕೆ ಹತ್ತು ಗಂಟೆ ನಿಂತೇ. ಚೀಟಿ ಮೇಲೆ ಬರೆದಿರೋದೆಲ್ಲ ಅವ್ಳಿಗೆ ಅರ್ಥ ಆಗುತ್ತೆ. ಅದನ್ನ ಅಲ್ಲಿ ಯಾರೂ ಕೇಳಲ್ಲ. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ. ನಾನು ಬುರುಡೆ ಬಿಡ್ತೀನಿ. ಕೆಲವು ದಿನ ಭುಜ ಅಲುಗುತ್ತೆ. ನಗ್ತಾಳೋ ಅಳ್ತಾಳೋ, ತಿರುಗಿಸಿ ನೋಡೋ ಧೈರ್ಯ ನಂಗಿಲ್ಲ.

ನನ್ನನ್ನೂ ತೊಳೆಯೋ ರೂಮಿಂದ ತೆಗೆದ್ರು. ಪರೀಕ್ಷೆ ಸಾಮಾನು ನನ್ನ ಕೈಗೆ ಸಿಗಬಾರದಂತೆ. ಈಗ ಎರಡನೇ ಮಹಡೀಲಿ ಕಸ ಗುಡಿಸೋದು, ಮೇಜು ಒರೆಸೋದು. ಅಲ್ಲೇ ಮೂರನೇ ವರ್ಷದೋರ ಲ್ಯಾಬು. ಒಬ್ಬೊಬ್ಬರಿಗೆ ಒಂದೊಂದು ಜಾಗ, ಒಂದೊಂದು ಸ್ಟೂಲು, ಒಂದೊಂದು ಬರ್ನರು. ಮೇಜಿನ ಕೊನೇ ಎರಡು ಜಾಗ ಹೊರಗಿಂದ ಬಂದೋರಿಗೆ. ಒಂದ್ರಲ್ಲಿ ಒಬ್ಬ ಹುಡುಗ ಕೂರ್ತಾನೆ. ಇನ್ನೊಂದು ಖಾಲಿ.

ಬೇರೆ ಯಾರಿಗೂ ಕೊಟ್ಟಿಲ್ಲ. ವಿಚಾರಣೆ ಮುಗೀದೆ ಕೊಡೋಕೆ ಬರಲ್ಲವಂತೆ. ಅವ್ಳಿಗೂ ಇಲ್ಲ, ಇನ್ನೊಬ್ಬರಿಗೂ ಇಲ್ಲ. ಬರ್ನರು ಹೊಸದು, ಯಾರೂ ಹಚ್ಚಿಲ್ಲ. ಅದನ್ನ ನಾನೇ ದಿನಾ ಒರೆಸ್ಬೇಕು.

ಒಂದು ತಿಂಗ್ಳು ಒರೆಸಿದೆ. ಎರಡು ತಿಂಗ್ಳು ಒರೆಸಿದೆ. ಒಂದು ದಿನ ಬಟ್ಟೆ ಹಿಡಿದ ಕೈ ಅಲ್ಲಿಗೆ ಹೋಗಿ ನಿಂತ್ಬಿಡ್ತು. ಒರೆಸಲಿಲ್ಲ. ಮಾರನೇ ದಿನಾನೂ ಒರೆಸಲಿಲ್ಲ. ಪಕ್ಕದ ಜಾಗದವರ್ಗೂ ಪಳಪಳ, ಅಲ್ಲಿಗೆ ಬಂದ್ರೆ ನಿಲ್ಲೋದು. ವಾರ ಕಳೀತು, ಎರಡು ವಾರ ಕಳೀತು. ಮೇಜಿನ ಮೇಲೆ, ಸ್ಟೂಲಿನ ಮೇಲೆ, ಬರ್ನರಿನ ಕುತ್ತಿಗೆ ಮೇಲೆ ಧೂಳು ಬೆಳೀತಾ ಬಂತು. ದೂರದಿಂದಾನೇ ಕಾಣೋದು. ಮೇಡಂ ಹಾದುಹೋಗುವಾಗ ಆ ಕಡೆ ಒಂದ್ಸಲ ನೋಡಿದ್ರು. ನೋಡ್ಲಿ ಅಂದ್ಕೊಂಡೆ. ನನ್ನ ಹತ್ರ ಬೇರೆ ಇನ್ನೇನಿದೆ.

ಮೂರನೇ ವಾರ ಕಸದೋರ ಮೇಸ್ತ್ರಿ ಬಂದ. ನನಗಿಂತ ಚಿಕ್ಕೋನು, ಕೆಟ್ಟೋನಲ್ಲ.

"ಏನ್ ಗಾಜಮ್ಮ, ಇದೊಂದು ಬಿಟ್ಟಿದ್ದೀಯ?"

"ಬಿಟ್ಟಿದ್ದೀನಪ್ಪ."

"ಯಾಕೆ?"

"ಅದು ನನ್ನ ಮಗಳ ಜಾಗ. ನಾನು ಒರೆಸಲ್ಲ. ಅವ್ಳು ಬಂದು ಒರೆಸ್ಕೋತಾಳೆ."

ಅವ್ನು ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ರೆ ನಾನೂ ನಾಲ್ಕು ಮಾತು ಆಡ್ತಿದ್ದೆ. ಎಲ್ಲಾ ಮಾತು ನಾಲಿಗೆ ತುದೀಲಿ ಕಟ್ಟಿಟ್ಕೊಂಡಿದ್ದೆ.

"ಸರಿ ಬಿಡಮ್ಮ," ಅಂದ. ನನ್ನ ಭುಜದ ಮೇಲಿದ್ದ ಬಟ್ಟೆ ತಾನೇ ಎತ್ಕೊಂಡ, ನಲ್ಲಿ ಕೆಳಗೆ ಹಿಡಿದು ಹಿಂಡಿದ, ಬಂದು ಮೇಜಿನ ಮೇಲೆ ಎಳೆದ.

ಅಷ್ಟೂ ಧೂಳು ಒಂದೇ ಸಲಕ್ಕೆ ಹೋಯ್ತು.